ಹೂಡಿಕೆಯ ಶಾಸ್ತ್ರದಲ್ಲಿ ‘ಅಪಾಯ’ ಪದದ ಲಕ್ಷಣವಿಚಾರ

೧

ಯಾವ ಶಾಸ್ತ್ರವಾದರೂ ಸಂಜ್ಞೆಗಳಿಂದ ಮೊದಲಾಗುತ್ತದೆ. ಗುಣ, ವೃದ್ಧಿ ಮೊದಲಾದ ಸಂಜ್ಞೆಗಳನ್ನರಿಯದವನಿಗೆ ವ್ಯಾಕರಣದ ಮುಂದಿನ ಸೂತ್ರವು ಹೇಗೆ ತೆರೆಯದೋ, ಹಾಗೆಯೇ ಧನವನ್ನು ಹೂಡುವ ವಿದ್ಯೆಯಲ್ಲಿ ಸರಾಸರಿ, ವಿಚಲನೆ, ಸಹಸಂಬಂಧ, ವರ್ತಮಾನಮೌಲ್ಯ, ಅಪಾಯ ಎಂಬ ಕೆಲವು ಸಂಜ್ಞೆಗಳನ್ನರಿಯದವನಿಗೆ ಮುಂದೆ ದಾರಿಯಿಲ್ಲ. ಷೇರು, ಸಾಲಪತ್ರ ಮೊದಲಾದವುಗಳ ಗುಣದೋಷಗಳನ್ನು ಪರೀಕ್ಷಿಸಿ ಅಭಿಪ್ರಾಯವನ್ನು ಬರೆದುಕೊಡುವ ವಿಶ್ಲೇಷಕರ ವರ್ಗವೊಂದು ಈಗ ಎಲ್ಲ ದೇಶಗಳಲ್ಲಿಯೂ ಬೆಳೆದು ನಿಂತಿದೆ. ಉತ್ತರ ಅಮೆರಿಕದಲ್ಲಿ ಈ ವೃತ್ತಿಯವರ ಯೋಗ್ಯತೆಯನ್ನು ಅಳೆಯುವ ಮೊದಲ ಪರೀಕ್ಷೆ ೧೯೬೩ರಲ್ಲಿ ನಡೆಯಿತು. ಭಾರತದಲ್ಲಿ ‘ಸೆಬಿ’ಯು ಸಂಶೋಧನ ವಿಶ್ಲೇಷಕರಿಗಾಗಿ ೨೦೧೪ರಲ್ಲಿ ನಿಯಮಾವಳಿಯನ್ನು ಹೊರಡಿಸಿತು. ಈ ವೃತ್ತಿಯನ್ನು ಬಯಸಿ ಓದುವ ಕನ್ನಡ ವಿದ್ಯಾರ್ಥಿಯು ಸಂಜ್ಞೆಗಳನ್ನು ಇಂಗ್ಲಿಷಿನಲ್ಲಿ ಕಂಠಪಾಠ ಮಾಡಿ, ಅವುಗಳ ಅರ್ಥವನ್ನು ಮಾತ್ರ ಮನೆಯ ಮಾತಿನಲ್ಲಿ ಊಹಿಸಿಕೊಳ್ಳುತ್ತಾನೆ. ಸಂಜ್ಞೆಗೂ ಊಹೆಗೂ ನಡುವೆ ಅಂತರವಿದ್ದಲ್ಲಿ ಅದರ ಫಲವನ್ನು ಅನುಭವಿಸುವವರು ಅವನ ಮಾತನ್ನು ನಂಬಿ ಉಳಿತಾಯವನ್ನು ತೊಡಗಿಸಿದ ಸಂಸಾರಗಳವರು.

ಈ ಸಂಜ್ಞೆಗಳಲ್ಲೆಲ್ಲ ಹೆಚ್ಚು ತೊಡಕಿಗೆ ಕಾರಣವಾಗಿರುವುದು ಇಂಗ್ಲಿಷಿನ ‘ರಿಸ್ಕ್’ ಎಂಬ ಶಬ್ದ. ಕನ್ನಡದ ಪತ್ರಿಕೆಗಳಲ್ಲಿಯೂ ಜಾಹೀರಾತುಗಳ ಎಚ್ಚರಿಕೆಯ ವಾಕ್ಯಗಳಲ್ಲಿಯೂ ಅದಕ್ಕೆ ‘ಅಪಾಯ’ವೆಂಬ ಪದವೇ ರೂಢಿಯಾಗಿದೆ. ಆದರೆ ಮೂಲದಲ್ಲಿ ಆ ಒಂದೇ ಶಬ್ದವನ್ನು ಬೇರೆ ಬೇರೆ ಆಚಾರ್ಯರು ಬೇರೆ ಬೇರೆ ಅರ್ಥಗಳಲ್ಲಿ ಪ್ರಯೋಗಿಸಿದ್ದಾರೆ. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ಮಹಾಶಯರ ಗ್ರಂಥದಿಂದ (೧೯೩೪) ಹೊರಡುವ ಅರ್ಥವೊಂದು. ಹ್ಯಾರಿ ಮಾರ್ಕೋವಿಟ್ಸ್ ಮಹಾಶಯರ ಪ್ರಬಂಧದಿಂದ (೧೯೫೨) ಹೊರಡುವ ಅರ್ಥ ಮತ್ತೊಂದು. ಫ್ರಾಂಕ್ ನೈಟ್ ಮಹಾಶಯರ ಗ್ರಂಥದಲ್ಲಿ (೧೯೨೧) ಮಾಡಿರುವ ವಿಭಾಗ ಮೂರನೆಯದು. ಈ ಮೂರನ್ನೂ ಲಕ್ಷಣಪರೀಕ್ಷೆಗೆ ಒಳಪಡಿಸಿ, ಕನ್ನಡದ ‘ಅಪಾಯ’ವು ಯಾವುದಕ್ಕೆ ಸಲ್ಲತಕ್ಕದ್ದು ಎಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶ.

ಲಕ್ಷಣಪರೀಕ್ಷೆಯ ಕ್ರಮವು ತರ್ಕವನ್ನೋದಿದವರಿಗೆ ವಿದಿತವೇ. ಗೋವಿಗೆ ಕಪಿಲವರ್ಣವೇ ಲಕ್ಷಣವೆಂದರೆ ಬಿಳಿಯ ಗೋವು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಗೋವೆಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಒಂಟಿಗೊರಸುಳ್ಳದ್ದು ಗೋವೆಂದರೆ ಯಾವ ಗೋವಿಗೂ ಹೊಂದದು, ಇದು ಅಸಂಭವ. ಈ ಮೂರು ದೋಷಗಳಿಲ್ಲದ ವಾಕ್ಯವೇ ಲಕ್ಷಣವೆನಿಸಿಕೊಳ್ಳತಕ್ಕದ್ದು.

೨

ಮೊದಲು ಪದದ ವಿಚಾರ. ‘ಅಪಾಯ’ವೆಂಬುದು ‘ಅಪ’ ಎಂಬ ಉಪಸರ್ಗವು ಗತ್ಯರ್ಥದ ‘ಇಣ್’ ಧಾತುವಿನೊಡನೆ ಸೇರಿ ಆದ ರೂಪ. ಅಗಲಿಹೋಗುವುದು, ದೂರವಾಗುವುದು ಎಂಬುದೇ ಅದರ ಅವಯವಾರ್ಥ. ಪಾಣಿನಿಯು ಅಪಾದಾನಸಂಜ್ಞೆಯನ್ನು ವಿಧಿಸುವಲ್ಲಿ ಈ ಪದವನ್ನು ಅಗಲಿಕೆಯೆಂಬ ಅರ್ಥದಲ್ಲಿಯೇ ಬಳಸಿದ್ದಾನೆ. ಸಮೀಪಕ್ಕೆ ಒಯ್ಯುವುದು ಉಪಾಯ. ಕೈತಪ್ಪಿ ಹೋಗುವುದು ಅಪಾಯ. ಧನದ ವಿಷಯದಲ್ಲಿ ಹೇಳುವುದಾದರೆ ಮೂಲಧನವು ಒಡೆಯನನ್ನು ಬಿಟ್ಟು ಹೋಗಿ ಮರಳದಿರುವುದೇ ಅಪಾಯ. ಅಲುಗಾಡುವುದು, ಏರಿಳಿಯುವುದು ಎಂಬ ಅರ್ಥಕ್ಕೆ ಈ ಪದದಲ್ಲಿ ಆಸ್ಪದವೇ ಇಲ್ಲ. ಮರದ ಎಲೆಯು ಗಾಳಿಗೆ ತೂಗಾಡಿದರೆ ಅದು ಚಲನ. ತೊಟ್ಟು ಕಳಚಿ ಬಿದ್ದರೆ ಅಪಾಯ.

ಪ್ರಾಚೀನರ ವ್ಯವಹಾರವೂ ಇದಕ್ಕೆ ಅನುಗುಣವಾಗಿಯೇ ಇದೆ. ಪಂಡಿತ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಋಣಾದಾನದ ಪ್ರಕರಣವೊಂದುಂಟು. ಅಲ್ಲಿ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮ್ಯವಾದ ವೃದ್ಧಿಯೆಂದೂ, ವ್ಯಾಪಾರದ ವ್ಯವಹಾರದಲ್ಲಿ ೫ ಪಣವೆಂದೂ, ಕಾಡುದಾರಿಯಲ್ಲಿ ಸಂಚರಿಸುವವರಿಗೆ ೧೦ ಪಣವೆಂದೂ, ಸಮುದ್ರದ ಮೇಲೆ ಹೋಗುವವರಿಗೆ ೨೦ ಪಣವೆಂದೂ ವಿಧಿಸಲಾಗಿದೆ. ಈ ಏರಿಕೆಗೆ ಹೇತುವು ಸ್ಪಷ್ಟವಾಗಿಯೇ ಇದೆ. ಕಾಡಿನಲ್ಲಿ ಕಳ್ಳರು ಸರಕನ್ನು ಅಪಹರಿಸಬಹುದು. ಸಮುದ್ರದಲ್ಲಿ ಹಡಗು ಮುಳುಗಬಹುದು. ಆಗ ಸಾಲ ಕೊಟ್ಟವನ ಮೂಲವೇ ಹೋಯಿತು. ಮೂಲಹಾನಿಯ ಸಂಭವವು ಹೆಚ್ಚಿದಷ್ಟೂ ವೃದ್ಧಿಯು ಹೆಚ್ಚುತ್ತದೆಂಬ ತತ್ತ್ವವು ಇಲ್ಲಿ ಅಂಕಿಗಳಲ್ಲಿಯೇ ನಿಂತಿದೆ. ಇಂದಿನ ಅರ್ಥಶಾಸ್ತ್ರಜ್ಞರು ಅಪಾಯಕ್ಕೆ ಪ್ರತಿಯಾಗಿ ದೊರೆಯುವ ಅಧಿಕಫಲವೆಂದು ವಿವರಿಸುವುದು ಇದನ್ನೇ. ಆದರೆ ಕೌಟಿಲ್ಯನು ಗಣನೆಗೆ ತೆಗೆದುಕೊಂಡದ್ದು ದಾರಿಯ ಸ್ವರೂಪವನ್ನು. ಆ ದಾರಿಯಲ್ಲಿ ಹಿಂದೆ ಬಂದ ಲಾಭಗಳ ಏರಿಳಿತವನ್ನಲ್ಲ. ಈ ಭೇದವು ಮುಂದೆ ಉಪಯೋಗಕ್ಕೆ ಬರುತ್ತದೆ.

ಬಡ್ಡಿಯ ಗಣಿತವೂ ಕನ್ನಡನಾಡಿಗೆ ಹೊಸದಲ್ಲ. ‘ಬಡ್ಡಿ’ಯೆಂಬ ಮಾತೇ ‘ವೃದ್ಧಿ’ಯ ತದ್ಭವ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಎಂದರೆ ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದ ಮಿಶ್ರಕವ್ಯವಹಾರವು ಮೂಲವೂ ವೃದ್ಧಿಯೂ ಬೆರೆತ ಮೊತ್ತದಿಂದ ಅವೆರಡನ್ನೂ ಬೇರ್ಪಡಿಸುವ ಕ್ರಮಗಳನ್ನು ಬೋಧಿಸುತ್ತದೆ. ನೂರಕ್ಕೆ ತಿಂಗಳಿಗೆ ೨ರಂತೆ ೧೦ ತಿಂಗಳು ಕಳೆದು ಮಿಶ್ರಧನವು ೬೦೦ ಆಗಿದ್ದರೆ ಮೂಲ ೫೦೦, ವೃದ್ಧಿ ೧೦೦ ಎಂದು ತೆಗೆಯುವುದು ಈ ಜಾತಿಯ ಲೆಕ್ಕ. ಇಂದಿನವರು ವರ್ತಮಾನಮೌಲ್ಯವೆಂದು ಕರೆಯುವುದೂ ಇದೇ ಹಾದಿಯದು. ಇಲ್ಲಿ ಚಕ್ರವೃದ್ಧಿಯು ಸೇರುತ್ತದೆ, ಅಷ್ಟೇ. ನೂರಕ್ಕೆ ವರ್ಷಕ್ಕೆ ೧೦ರ ದರವಿರುವಲ್ಲಿ ಒಂದು ವರ್ಷದ ಮೇಲೆ ಬರತಕ್ಕ ೧೦೦ ರೂಪಾಯಿಗೆ ಇಂದಿನ ಮೌಲ್ಯ ೯೦ ರೂಪಾಯಿ ೯೧ ಪೈಸೆ. ಎರಡು ವರ್ಷದ ಮೇಲೆ ಬರತಕ್ಕ ೧೦೦ಕ್ಕೆ ೮೨ ರೂಪಾಯಿ ೬೪ ಪೈಸೆ. ಮುಂದೆ ಬರುವ ಧನವನ್ನು ಇಂದಿನದಕ್ಕೆ ಇಳಿಸುವ ಈ ಕ್ರಿಯೆಯೇ ವಿಶ್ಲೇಷಕನ ಸಮಸ್ತ ಮೌಲ್ಯನಿರ್ಣಯಕ್ಕೂ ತಳಹದಿ.

೩

ಗ್ರಹಾಂ ಮತ್ತು ಡಾಡ್ ಮಹಾಶಯರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದವರು. ೧೯೨೯ರಲ್ಲಿ ಅಲ್ಲಿನ ಷೇರುಪೇಟೆಯು ಕುಸಿದು ಅಸಂಖ್ಯಾತ ಜನರ ಧನವು ನಾಶವಾದ ಮೇಲೆ, ೧೯೩೪ರಲ್ಲಿ ಅವರ ‘ಸೆಕ್ಯುರಿಟಿ ಅನಾಲಿಸಿಸ್’ ಎಂಬ ಗ್ರಂಥವು ಹೊರಬಿತ್ತು. ಹೂಡಿಕೆ ಯಾವುದು, ಸಟ್ಟಾ ಯಾವುದು ಎಂಬ ಪ್ರಶ್ನೆಗೆ ಅವರು ಕೊಟ್ಟ ಲಕ್ಷಣದಲ್ಲಿ ಮೂರು ಅಂಗಗಳುಂಟು. ಸಮಗ್ರವಾದ ಪರಿಶೀಲನೆ ನಡೆದಿರಬೇಕು. ಅದರಿಂದ ಮೂಲಧನದ ಕ್ಷೇಮವು ಕಂಡುಬರಬೇಕು. ತೃಪ್ತಿಕರವಾದ ಫಲವೂ ತೋರಬೇಕು. ಈ ಮೂರೂ ಸೇರದ ವ್ಯವಹಾರವು ಸಟ್ಟಾ.

ಇದಕ್ಕೆ ಪದಕೃತ್ಯವನ್ನು ಹೇಳುವುದಾದರೆ: ಪರಿಶೀಲನೆಯೆಂಬ ಪದವನ್ನು ತೆಗೆದರೆ ಕಣ್ಣುಮುಚ್ಚಿ ಕೊಂಡದ್ದು ದೈವವಶಾತ್ ಕ್ಷೇಮವಾಗಿದ್ದರೆ ಅದೂ ಹೂಡಿಕೆಯಾಗುತ್ತದೆ; ಕ್ಷೇಮವೆಂಬುದನ್ನು ತೆಗೆದರೆ ಅಂಕಿ ಅಂಶಗಳನ್ನು ಚೆನ್ನಾಗಿ ಓದಿ ಆಡಿದ ಕುದುರೆಯ ಜೂಜೂ ಒಳಗೆ ಬರುತ್ತದೆ; ಫಲವೆಂಬುದನ್ನು ತೆಗೆದರೆ ಪೆಟ್ಟಿಗೆಯಲ್ಲಿ ಕೂಡಿಟ್ಟ ಹಣವೂ ಹೂಡಿಕೆಯೆನಿಸುತ್ತದೆ. ಆದುದರಿಂದ ಒಂದು ಪದವೂ ವ್ಯರ್ಥವಲ್ಲ. ಕ್ಷೇಮವೆಂದರೆ ಸರ್ವಥಾ ಹಾನಿಯಿಲ್ಲದಿರುವುದೆಂದು ಅವರ ಮತವಲ್ಲ. ಸಾಮಾನ್ಯವಾಗಿ ಸಂಭವಿಸಬಹುದಾದ ಸಂದರ್ಭಗಳಲ್ಲಿ ಹಾನಿಯಿಂದ ರಕ್ಷಣೆಯೆಂದೇ ಅವರು ವಿವರಿಸಿದ್ದಾರೆ. ಈ ರಕ್ಷಣೆಗೆ ಉಪಾಯವಾಗಿ ಗ್ರಹಾಂ ಅವರು ಬೆಲೆಗೂ ಮೌಲ್ಯಕ್ಕೂ ನಡುವೆ ಸಾಕಷ್ಟು ಅಂತರವನ್ನು ಬೇಡುತ್ತಾರೆ. ಮೌಲ್ಯವು ನೂರು ಎಂದು ತೋರಿದ ವಸ್ತುವನ್ನು ಅರವತ್ತಕ್ಕೆ ಕೊಂಡವನು ಎಣಿಕೆಯಲ್ಲಿ ಕೆಲವಂಶ ತಪ್ಪಿದರೂ ಕೆಡುವುದಿಲ್ಲ ಎಂಬುದು ಅವರ ಯುಕ್ತಿ. ಇಲ್ಲಿ ಅಪಾಯವೆಂದರೆ ಮೂಲಹಾನಿಯೇ. ಅದು ಕೌಟಿಲ್ಯನ ದೃಷ್ಟಿಗೂ ಪದದ ಅವಯವಾರ್ಥಕ್ಕೂ ಒಪ್ಪುತ್ತದೆ.

ಆದರೂ ಈ ಪಕ್ಷವು ನಿರ್ದುಷ್ಟವಲ್ಲ. ಮೌಲ್ಯವನ್ನು ಕಾಣುವ ಬಗೆಯೇನು? ಮುಂದೆ ಬರುವ ಫಲವನ್ನು ಒಂದು ದರದಿಂದ ಇಂದಿನದಕ್ಕೆ ಇಳಿಸಬೇಕು. ವರ್ಷಕ್ಕೆ ೧೦ ರೂಪಾಯಿಯನ್ನು ಶಾಶ್ವತವಾಗಿ ಕೊಡುವ ಪತ್ರಕ್ಕೆ ನೂರಕ್ಕೆ ೧೦ರ ದರದಲ್ಲಿ ಮೌಲ್ಯ ೧೦೦. ದರವು ೮ ಆದರೆ ೧೨೫. ಹನ್ನೆರಡೂವರೆ ಆದರೆ ೮೦. ದರದ ಇಷ್ಟು ಸಣ್ಣ ಭೇದದಿಂದ ಮೌಲ್ಯವು ಇಷ್ಟು ದೂರ ಸರಿಯುತ್ತದೆ. ಆ ದರವನ್ನು ನಿರ್ಣಯಿಸುವುದಾದರೂ ಹೇಗೆ? ಅಪಾಯವು ಹೆಚ್ಚಿದ್ದಲ್ಲಿ ಹೆಚ್ಚು ದರ, ಕಡಮೆಯಿದ್ದಲ್ಲಿ ಕಡಮೆ ದರ ಎನ್ನುವುದಾದರೆ ಅಪಾಯವನ್ನು ತಿಳಿಯದೆ ಮೌಲ್ಯವು ತಿಳಿಯದು; ಮೌಲ್ಯವನ್ನು ತಿಳಿಯದೆ ಬೆಲೆಯ ಅಂತರವು ತಿಳಿಯದು; ಆ ಅಂತರವನ್ನು ತಿಳಿಯದೆ ಅಪಾಯವು ತಿಳಿಯದು. ಇದು ಚಕ್ರಕದೋಷ. ಪರಿಶೀಲಕನ ವಿವೇಕವು ಈ ಚಕ್ರವನ್ನು ಎಲ್ಲಿಯಾದರೂ ಕತ್ತರಿಸಲೇಬೇಕು. ಎಲ್ಲಿ ಕತ್ತರಿಸಬೇಕೆಂಬುದನ್ನು ಲಕ್ಷಣವು ಹೇಳುವುದಿಲ್ಲ. ಅಪಾಯದ ಸ್ವರೂಪವನ್ನು ಈ ಆಚಾರ್ಯರು ಸರಿಯಾಗಿ ಕಂಡರು. ಅದರ ಪ್ರಮಾಣವನ್ನು ಅಳೆಯುವ ಕೋಲನ್ನು ಮಾತ್ರ ಕೊಡಲಿಲ್ಲ ಎಂದಂತಾಯಿತು.

೪

ಆ ಕೋಲನ್ನು ಕೊಟ್ಟವರು ಮಾರ್ಕೋವಿಟ್ಸ್ ಮಹಾಶಯರು (೧೯೨೭–೨೦೨೩). ‘ಜರ್ನಲ್ ಆಫ್ ಫೈನಾನ್ಸ್’ ಪತ್ರಿಕೆಯಲ್ಲಿ ೧೯೫೨ರಲ್ಲಿ ಅಚ್ಚಾದ ಅವರ ಪ್ರಬಂಧವು ಹದಿನೈದು ಪುಟಗಳಷ್ಟೇ ಇದ್ದರೂ ಮುಂದಿನ ಶಾಸ್ತ್ರದ ಗತಿಯನ್ನೇ ಬದಲಿಸಿತು. ೧೯೯೦ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಮೂವರಲ್ಲಿ ಅವರೂ ಒಬ್ಬರು. ಹೂಡಿಕೆಯಿಂದ ನಿರೀಕ್ಷಿಸುವ ಫಲಕ್ಕೆ ಸರಾಸರಿಯೂ, ಅದರ ಚಾಂಚಲ್ಯಕ್ಕೆ ವಿಚಲನೆಗಳ ವರ್ಗಗಳ ಸರಾಸರಿಯೂ ಅಳತೆಗಳೆಂದು ಅವರು ಹಿಡಿದರು. ಈ ಎರಡನೆಯದರ ವರ್ಗಮೂಲವೇ ಮಾನಕ ವಿಚಲನೆ. ಹಣಕಾಸಿನ ಬರಹಗಳಲ್ಲಿ ‘ರಿಸ್ಕ್’ ಎಂದಿರುವಲ್ಲಿ ಈ ಚಾಂಚಲ್ಯದ ಅಳತೆಯ ಹೆಸರನ್ನು ಇಟ್ಟು ಓದಿದರೂ ತೋರುವ ಅರ್ಥದಲ್ಲಿ ಹೆಚ್ಚಿನ ವ್ಯತ್ಯಾಸವಾಗದು ಎಂಬ ಅಭಿಪ್ರಾಯವನ್ನೂ ಆ ಪ್ರಬಂಧದಲ್ಲಿ ಸೂಚಿಸಿದರು. ಅವರು ಹೀಗೆ ಸಂಕೋಚದಿಂದ ಹೇಳಿದ್ದನ್ನು ಪಾಠ ಹೇಳುವವರು ಮುಂದೆ ನಿಃಸಂಕೋಚವಾದ ಲಕ್ಷಣವನ್ನಾಗಿ ಮಾಡಿಬಿಟ್ಟರು. ಇಂದಿನ ವಿದ್ಯಾರ್ಥಿಯು ಅಪಾಯವೆಂದರೇನೆಂದು ಕೇಳಿದೊಡನೆಯೇ ಮಾನಕ ವಿಚಲನೆಯೆಂದು ಉತ್ತರಿಸುತ್ತಾನೆ.

ಈ ಮತದ ಗುಣಗಳನ್ನು ಮೊದಲು ಹೇಳತಕ್ಕದ್ದು ನ್ಯಾಯ. ಒಂದನೆಯದಾಗಿ, ಅಳತೆಯು ಸರ್ವರಿಗೂ ಸಮಾನ. ಇಬ್ಬರು ಗಣಕರು ಒಂದೇ ಅಂಕಿಗಳಿಂದ ಒಂದೇ ಉತ್ತರವನ್ನು ಪಡೆಯುತ್ತಾರೆ. ಎರಡನೆಯದಾಗಿ, ಹಲವು ಕಡೆ ಹಂಚಿ ಹೂಡುವುದರ ಲಾಭವು ಇದರಿಂದ ಗಣಿತದಲ್ಲಿಯೇ ಸಿದ್ಧವಾಗುತ್ತದೆ. ಒಂದು ವಸ್ತುವು ಮಳೆಯ ವರ್ಷದಲ್ಲಿ ನೂರಕ್ಕೆ ೨೦, ಬರಗಾಲದಲ್ಲಿ ಸೊನ್ನೆ ಫಲವನ್ನು ಕೊಡಲಿ. ಮತ್ತೊಂದು ಇದಕ್ಕೆ ವಿಪರೀತವಾಗಿ ಬರಗಾಲದಲ್ಲಿ ೨೦, ಮಳೆಯಲ್ಲಿ ಸೊನ್ನೆ ಕೊಡಲಿ. ಎರಡು ಬಗೆಯ ವರ್ಷಗಳೂ ಸಮವಾಗಿ ಬರಲಿ. ಬೇರೆ ಬೇರೆಯಾಗಿ ಪ್ರತಿಯೊಂದರ ಸರಾಸರಿ ೧೦, ಮಾನಕ ವಿಚಲನೆಯೂ ೧೦. ಅರ್ಧರ್ಧ ಸೇರಿಸಿ ಹೂಡಿದರೆ ಎಲ್ಲ ವರ್ಷವೂ ೧೦, ವಿಚಲನೆ ಸೊನ್ನೆ. ವಸ್ತುಗಳನ್ನು ಒಂದೊಂದಾಗಿ ನೋಡದೆ ಅವುಗಳ ಪರಸ್ಪರ ಸಹಸಂಬಂಧವನ್ನು ನೋಡಬೇಕೆಂಬುದು ಮಾರ್ಕೋವಿಟ್ಸರ ನಿಜವಾದ ಕಾಣಿಕೆ. ಗ್ರಹಾಂ ಅವರ ಗ್ರಂಥದಲ್ಲಿ ಹಂಚಿ ಹೂಡುವ ಉಪದೇಶವಿದ್ದರೂ ಈ ಗಣಿತವಿಲ್ಲ. ಮೂರನೆಯದಾಗಿ, ಚಾಂಚಲ್ಯವು ವೃದ್ಧಿಯನ್ನು ತಿನ್ನುತ್ತದೆಂಬುದೂ ಸತ್ಯ. ೧೦೦ ರೂಪಾಯಿ ಮೊದಲ ವರ್ಷ ನೂರಕ್ಕೆ ೫೦ರಷ್ಟು ಏರಿ ೧೫೦ ಆಗಿ, ಎರಡನೆಯ ವರ್ಷ ನೂರಕ್ಕೆ ೫೦ರಷ್ಟು ಇಳಿದರೆ ಉಳಿಯುವುದು ೭೫. ಏರಿಳಿತಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಸರಾಸರಿ ಸೊನ್ನೆ. ಗುಣಿಸಿ ವರ್ಗಮೂಲವನ್ನು ತೆಗೆದರೆ ವರ್ಷಕ್ಕೆ ನೂರಕ್ಕೆ ಸುಮಾರು ೧೩.೪ರಷ್ಟು ನಷ್ಟ. ಮೊದಲನೆಯ ಸರಾಸರಿಯನ್ನು ಮಾತ್ರ ತೋರಿಸುವ ವಿಶ್ಲೇಷಕನು ನಷ್ಟವನ್ನು ಮರೆಮಾಡಿದಂತೆಯೇ.

ಇನ್ನು ದೋಷಗಳು. ನಾಲ್ಕು ವರ್ಷಗಳಲ್ಲಿ ನೂರಕ್ಕೆ ಕ್ರಮವಾಗಿ ೫, ೨೫, ೫, ೨೫ರಂತೆ ಲಾಭವನ್ನು ಕೊಟ್ಟ ವಸ್ತುವೊಂದನ್ನು ಭಾವಿಸಬಹುದು. ಸರಾಸರಿ ೧೫, ಮಾನಕ ವಿಚಲನೆ ೧೦. ಯಾವ ವರ್ಷದಲ್ಲಿಯೂ ಮೂಲಕ್ಕೆ ಕೊರತೆಯಾಗಲಿಲ್ಲ. ಆದರೂ ಲಕ್ಷಣದಂತೆ ಇದು ಅಪಾಯವುಳ್ಳದ್ದು. ಇದು ಅತಿವ್ಯಾಪ್ತಿ. ಇನ್ನೊಂದು ವಸ್ತುವು ಪ್ರತಿವರ್ಷವೂ ತಪ್ಪದೆ ನೂರಕ್ಕೆ ೫ರಂತೆ ಕುಗ್ಗುತ್ತಿರಲಿ. ಅದರ ವಿಚಲನೆ ಸೊನ್ನೆ, ಲಕ್ಷಣದಂತೆ ಅಪಾಯವಿಲ್ಲ. ನಾಲ್ಕು ವರ್ಷಗಳ ಮೇಲೆ ನೂರು ರೂಪಾಯಿ ೮೧ ರೂಪಾಯಿ ೪೫ ಪೈಸೆಗೆ ಇಳಿದಿರುತ್ತದೆ. ಇದು ಅವ್ಯಾಪ್ತಿ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: ಮಾರ್ಕೋವಿಟ್ಸರು ವಿಚಲನೆಯನ್ನು ಸರಾಸರಿಯ ಜೊತೆಯಲ್ಲಿಯೇ ನೋಡಬೇಕೆಂದಿದ್ದಾರೆ, ಕುಗ್ಗುವ ವಸ್ತುವಿನ ಸರಾಸರಿಯೇ ಋಣವಾಗಿರುವಾಗ ಅದನ್ನು ಯಾರೂ ಆರಿಸುವುದಿಲ್ಲ, ಆದುದರಿಂದ ಅವ್ಯಾಪ್ತಿಯಿಲ್ಲ. ಈ ಸಮಾಧಾನದಲ್ಲಿ ಸತ್ಯಾಂಶವಿದೆ. ಆದರೆ ಇದರಿಂದ ರಕ್ಷಿತವಾದದ್ದು ಆಯ್ಕೆಯ ಕ್ರಮವೇ ಹೊರತು ‘ಅಪಾಯ’ದ ಲಕ್ಷಣವಲ್ಲ. ಸರಾಸರಿಯೂ ವಿಚಲನೆಯೂ ಕೂಡಿ ಹಾನಿಯನ್ನು ತಿಳಿಸುತ್ತವೆಯೆಂದು ಒಪ್ಪಿದೊಡನೆಯೇ ವಿಚಲನೆಯೊಂದೇ ಅಪಾಯವಲ್ಲವೆಂದು ಒಪ್ಪಿದಂತಾಯಿತು. ಅಲ್ಲದೆ ಸರಾಸರಿಯು ಧನವಾಗಿದ್ದರೂ ದೋಷವು ಉಳಿಯುವ ಸಂದರ್ಭ ಲೋಕದಲ್ಲಿ ಸುಲಭ. ನೂರಕ್ಕೆ ೬ರ ಬಡ್ಡಿಯು ನಿಯತವಾಗಿ ಬರುವ ಠೇವಣಿಯಲ್ಲಿ ವಿಚಲನೆಯಿಲ್ಲ. ಆದರೆ ಅದೇ ವರ್ಷ ಪದಾರ್ಥಗಳ ಬೆಲೆಯು ನೂರಕ್ಕೆ ೮ರಷ್ಟು ಏರಿದರೆ, ಕೈಗೆ ಬಂದ ೧೦೬ ರೂಪಾಯಿಯಿಂದ ಹಿಂದಿನ ವರ್ಷದ ೯೮ ರೂಪಾಯಿ ೧೫ ಪೈಸೆಯಷ್ಟು ಪದಾರ್ಥವೇ ದೊರೆಯುವುದು. ರೂಪಾಯಿಯ ಎಣಿಕೆ ಬೆಳೆಯಿತು. ಅದರ ಸತ್ತ್ವವು ಕೈತಪ್ಪಿತು. ನಿವೃತ್ತನಾದ ಉಪಾಧ್ಯಾಯನೊಬ್ಬನಿಗೆ ಈ ಠೇವಣಿಯು ಅಪಾಯರಹಿತವೆಂದು ಬರೆದುಕೊಡುವ ವಿಶ್ಲೇಷಕನು ಪರೀಕ್ಷೆಯಲ್ಲಿ ಉತ್ತೀರ್ಣನಾಗಬಹುದು. ಸತ್ಯವನ್ನು ಮಾತ್ರ ಹೇಳಿದಂತಾಗಲಿಲ್ಲ.

ಮಾರ್ಕೋವಿಟ್ಸರಿಗೆ ಈ ದೋಷವು ತಿಳಿಯದಿರಲಿಲ್ಲ. ೧೯೫೯ರ ತಮ್ಮ ಗ್ರಂಥದಲ್ಲಿ ಅವರು ಕೆಳಮುಖವಾದ ವಿಚಲನೆಗಳನ್ನು ಮಾತ್ರ ಎಣಿಸುವ ಇನ್ನೊಂದು ಅಳತೆಯನ್ನು ಪರಿಶೀಲಿಸಿ, ಅದರಿಂದ ಆಯ್ಕೆಯು ಉತ್ತಮವಾಗುವುದೆಂದು ಒಪ್ಪಿ, ಗಣನೆಯ ವೆಚ್ಚ, ಸೌಕರ್ಯ, ಪರಿಚಯ ಇವುಗಳ ದೃಷ್ಟಿಯಿಂದ ಹಳೆಯ ಅಳತೆಯೇ ಮೇಲೆಂದು ಎಣಿಸಿದರು. ಸೌಕರ್ಯಕ್ಕಾಗಿ ಅಂಗೀಕರಿಸಿದ್ದು ಸ್ವರೂಪಲಕ್ಷಣವಾಗಲಾರದು. ಆದುದರಿಂದ ಸಿದ್ಧಾಂತವಿಷ್ಟು: ವಿಚಲನೆಯು ಅಪಾಯದ ಲಕ್ಷಣವಲ್ಲ, ಅದರ ಲಿಂಗ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ವಿಚಲನೆಯಿಂದ ಅಪಾಯವನ್ನು ಊಹಿಸಬಹುದು, ಹೊಗೆಯೇ ಬೆಂಕಿಯೆನ್ನಬಾರದು. ಮೇಲಿನ ಉದಾಹರಣೆಗಳಿಂದ ಈ ಲಿಂಗವು ಕೆಲವೆಡೆ ಸವ್ಯಭಿಚಾರವೆಂಬುದೂ ಸಿದ್ಧವಾಯಿತು.

೫

ಲಿಂಗವೆಂದು ಒಪ್ಪಿದ ಮೇಲೆ ವ್ಯಾಪ್ತಿಯ ಪ್ರಶ್ನೆ ಬರುತ್ತದೆ. ವಿಚಲನೆಯೂ ಸಹಸಂಬಂಧವೂ ಕಳೆದ ವರ್ಷಗಳ ಅಂಕಿಗಳಿಂದ ತೆಗೆದವು. ಅವು ಮುಂದಿನ ವರ್ಷಗಳಿಗೂ ಸಲ್ಲುತ್ತವೆಂಬುದಕ್ಕೆ ಪ್ರಮಾಣವೇನು? ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಹೇಳುವವನಿಗೆ ಹಸಿಯ ಸೌದೆಯೆಂಬ ಉಪಾಧಿಯನ್ನು ತಾರ್ಕಿಕರು ತೋರಿಸುತ್ತಾರೆ. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಎರಡು ಷೇರುಗಳ ಬೆಲೆಯು ಹತ್ತು ವರ್ಷ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯಿತೆಂದು ಕಂಡವನು ‘ಪೇಟೆಯು ಶಾಂತವಾಗಿರುವಾಗ’ ಎಂಬ ಉಪಾಧಿಯನ್ನು ಸೇರಿಸಿ ಓದದಿದ್ದರೆ ಅವನ ವ್ಯಾಪ್ತಿಯೂ ಇಂಥದೇ.

ನೈಟ್ ಮಹಾಶಯರ ವಿಭಾಗವು ಇಲ್ಲಿ ಸಹಾಯಕ್ಕೆ ಬರುತ್ತದೆ. ಮಾರ್ಕೋವಿಟ್ಸರ ಪ್ರಬಂಧಕ್ಕೆ ಮೂರು ದಶಕಗಳಷ್ಟು ಹಿಂದೆ, ೧೯೨೧ರ ‘ರಿಸ್ಕ್, ಅನ್ಸರ್ಟನ್ಟಿ ಅಂಡ್ ಪ್ರಾಫಿಟ್’ ಎಂಬ ಗ್ರಂಥದಲ್ಲಿ, ಸಂಭವದ ಪ್ರಮಾಣವನ್ನು ಎಣಿಸಬಹುದಾದದ್ದನ್ನೂ ಎಣಿಸಲಾಗದದ್ದನ್ನೂ ಅವರು ಬೇರ್ಪಡಿಸಿದರು. ಸಾವಿರ ಮನೆಗಳಲ್ಲಿ ವರ್ಷಕ್ಕೆ ಎಷ್ಟು ಮನೆ ಬೆಂಕಿಗೆ ಆಹುತಿಯಾಗುವುದೆಂದು ವಿಮಾಸಂಸ್ಥೆಯು ಹಿಂದಿನ ಲೆಕ್ಕದಿಂದ ಹೇಳಬಲ್ಲದು. ಇದು ಮೊದಲನೆಯ ಬಗೆ. ಒಂದು ಹೊಸ ಉದ್ಯಮವು ನಿಲ್ಲುವುದೋ ಬೀಳುವುದೋ ಎಂಬುದಕ್ಕೆ ಅಂಥ ಗುಂಪಿನ ಲೆಕ್ಕವಿಲ್ಲ, ಇದು ಎರಡನೆಯದು. ಇದನ್ನು ಅನಿಶ್ಚಯವೆನ್ನಬಹುದು. ಉದ್ಯಮಿಯ ಲಾಭಕ್ಕೆ ಈ ಅನಿಶ್ಚಯವೇ ಮೂಲವೆಂಬುದು ನೈಟರ ವಾದ. ಎಣಿಕೆಗೆ ಬಾರದದ್ದನ್ನು ಎಣಿಸಿದೆವೆಂದು ಭ್ರಮಿಸುವುದರಲ್ಲಿರುವ ಹಾನಿಯನ್ನು ೧೯೯೮ರಲ್ಲಿ ಅಮೆರಿಕದಲ್ಲಿ ನಡೆದ ವೃತ್ತಾಂತವೊಂದು ತೋರಿಸುತ್ತದೆ.

‘ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್’ ಎಂಬ ಸಂಸ್ಥೆಯು ೧೯೯೪ರಲ್ಲಿ ವ್ಯವಹಾರವನ್ನು ಆರಂಭಿಸಿತು. ೧೯೯೭ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಮೈರನ್ ಷೋಲ್ಸ್ ಮತ್ತು ರಾಬರ್ಟ್ ಮರ್ಟನ್ ಮಹಾಶಯರು ಅದರ ಪಾಲುದಾರರಲ್ಲಿದ್ದರು. ಹಲವು ದೇಶಗಳ ಸಾಲಪತ್ರಗಳ ಬೆಲೆಗಳಲ್ಲಿ ಕಾಣುವ ಸಣ್ಣ ಅಂತರಗಳು ಕಾಲಕ್ರಮದಲ್ಲಿ ಮುಚ್ಚಿಹೋಗುವುವೆಂಬ ಲೆಕ್ಕದ ಮೇಲೆ, ತನ್ನ ಬಂಡವಾಳದ ಇಪ್ಪತ್ತು ಪಟ್ಟಿಗೂ ಮಿಕ್ಕ ಸಾಲವನ್ನು ತಂದು ಅದು ವ್ಯವಹರಿಸುತ್ತಿತ್ತು. ವ್ಯವಹಾರಗಳು ಬೇರೆ ಬೇರೆ ಪೇಟೆಗಳಲ್ಲಿ ಹಂಚಿಹೋಗಿದ್ದವು. ೧೯೯೮ರ ಆಗಸ್ಟಿನಲ್ಲಿ ರಷ್ಯಾ ಸರ್ಕಾರವು ತನ್ನ ಸಾಲವನ್ನು ತೀರಿಸದೆ ನಿಂತಿತು. ಭಯಗೊಂಡ ಹೂಡಿಕೆದಾರರು ಎಲ್ಲ ಕಡೆಯಲ್ಲಿಯೂ ಒಟ್ಟಿಗೆ ಸುಭದ್ರವಾದ ಪತ್ರಗಳತ್ತ ಓಡಿದರು. ಮುಚ್ಚಬೇಕಾಗಿದ್ದ ಅಂತರಗಳು ಅಗಲವಾದವು. ಬೇರೆ ಬೇರೆಯೆಂದು ಎಣಿಸಿದ್ದ ವ್ಯವಹಾರಗಳು ಒಂದೇ ದಿಕ್ಕಿನಲ್ಲಿ ಬಿದ್ದವು. ಕೆಲವೇ ತಿಂಗಳುಗಳಲ್ಲಿ ಬಂಡವಾಳದ ಬಹುಭಾಗವು ಹೋಯಿತು. ಆ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಮಧ್ಯಸ್ಥಿಕೆಯಿಂದ ೧೪ ಸಂಸ್ಥೆಗಳು ಸುಮಾರು ೩೬೦ ಕೋಟಿ ಡಾಲರುಗಳನ್ನು ತಂದು ಅದನ್ನು ವಹಿಸಿಕೊಂಡವು.

ಆ ವಿದ್ವಾಂಸರಿಗೆ ಗಣಿತವು ಬಾರದೆ ಹೀಗಾಯಿತೆನ್ನುವುದು ಹಾಸ್ಯಾಸ್ಪದ. ಹಳೆಯ ಅಂಕಿಗಳಿಂದ ಪಡೆದ ಸಹಸಂಬಂಧವು ಸೋಪಾಧಿಕವಾಗಿತ್ತು. ಉಪಾಧಿಯು ತಪ್ಪಿದ ದಿನ ಅನುಮಾನವೂ ತಪ್ಪಿತು. ಸಾಲದ ಭಾರವಿಲ್ಲದಿದ್ದರೆ ಅಂತರಗಳು ಮತ್ತೆ ಮುಚ್ಚುವವರೆಗೆ ಕಾದಿರಬಹುದಾಗಿತ್ತು. ಆಗ ಅದು ವಿಚಲನೆಯಾಗಿಯೇ ಕಳೆಯುತ್ತಿತ್ತು. ಸಾಲದಲ್ಲಿ ಹೂಡಿದವನಿಗೆ ಕಾಯುವ ಅಧಿಕಾರವಿಲ್ಲ. ವಿಚಲನೆಯೇ ಅವನ ಪಾಲಿಗೆ ಅಪಾಯವಾಗಿ ಪರಿಣಮಿಸಿತು. ಒಂದೇ ಏರಿಳಿತವು ಒಬ್ಬನಿಗೆ ವಿಚಲನೆ ಮಾತ್ರ, ಮತ್ತೊಬ್ಬನಿಗೆ ಅಪಾಯ ಎಂಬುದು ಇದರಿಂದ ಸ್ಪಷ್ಟ. ಅಪಾಯವು ವಸ್ತುನಿಷ್ಠವಾದ ಧರ್ಮ ಮಾತ್ರವಲ್ಲ. ಹೂಡಿದವನ ಸಾಲ, ಅವನ ಅಗತ್ಯ, ಅವನು ಕಾಯಬಲ್ಲ ಕಾಲ ಇವುಗಳನ್ನೂ ಆಶ್ರಯಿಸಿದೆ. ಮಗಳ ಮದುವೆಗೆಂದು ಮುಂದಿನ ವರ್ಷವೇ ಬೇಕಾದ ಹಣಕ್ಕೂ ಇಪ್ಪತ್ತು ವರ್ಷದ ಮೇಲೆ ಬೇಕಾಗುವ ಹಣಕ್ಕೂ ಒಂದೇ ಷೇರಿನಲ್ಲಿ ಒಂದೇ ಅಪಾಯವಿಲ್ಲ. ಆ ಷೇರಿನ ಮಾನಕ ವಿಚಲನೆ ಮಾತ್ರ ಒಂದೇ.

೬

ಇಷ್ಟರಿಂದ ಕನ್ನಡದ ಪರಿಭಾಷೆಗೆ ದೊರೆಯುವ ನಿರ್ಣಯವೇನೆಂದರೆ: ‘ರಿಸ್ಕ್’ ಎಂಬ ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಪದವನ್ನು ಎಲ್ಲೆಡೆಯೂ ಇಡುವುದು ಯುಕ್ತವಲ್ಲ. ಮೂಲಧನಕ್ಕಾಗಲಿ ಅದರ ಸತ್ತ್ವಕ್ಕಾಗಲಿ ಮರಳದಂತೆ ಹಾನಿಯಾಗುವ ಸಂಭವಕ್ಕೆ ‘ಅಪಾಯ’ವೆಂಬ ಪದವನ್ನು ಮೀಸಲಿಡಬೇಕು. ಅಂಕಿಗಳಿಂದ ತೆಗೆದ ಏರಿಳಿತದ ಅಳತೆಗೆ, ಪಾಠಶಾಲೆಗಳ ಗಣಿತದಲ್ಲಿ ಈಗಾಗಲೇ ರೂಢಿಯಲ್ಲಿರುವ ‘ವಿಚಲನೆ’ಯೇ ಸಾಕು. ಎಣಿಕೆಗೆ ಒಳಪಡದ ಭವಿಷ್ಯಕ್ಕೆ ‘ಅನಿಶ್ಚಯ’ವೆಂದು ಹೇಳಬಹುದು. ಇಂಗ್ಲಿಷಿನಲ್ಲಿ ಈ ಮೂರನ್ನು ಒಂದೇ ಶಬ್ದದಲ್ಲಿ ಬೆರೆಸಿದ್ದರಿಂದ ಹುಟ್ಟಿದ ತೊಡಕನ್ನು ಕನ್ನಡವು ಸಾಲ ತರಬೇಕಾದ ಅಗತ್ಯವಿಲ್ಲ.

ಪದಗಳನ್ನು ಹೀಗೆ ಬೇರ್ಪಡಿಸಿದರೆ ವಿಶ್ಲೇಷಕನ ವಾಕ್ಯವೂ ಬೇರೆಯಾಗುತ್ತದೆ. ‘ಈ ಷೇರಿನಲ್ಲಿ ಅಪಾಯ ಕಡಮೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಅವನಿಗೆ ಆಗದು. ಕಳೆದ ಇಷ್ಟು ವರ್ಷಗಳಲ್ಲಿ ಇದರ ವಿಚಲನೆ ಕಡಮೆಯಾಗಿತ್ತು. ಆದರೆ ಸಂಸ್ಥೆಯ ಸಾಲವು ಅದರ ಸಂಪಾದನೆಗೆ ಹೋಲಿಸಿದರೆ ಹೆಚ್ಚಾಗಿರುವುದರಿಂದ ಮೂಲಕ್ಕೆ ಅಪಾಯವುಂಟು. ಅದು ಪ್ರವೇಶಿಸಿರುವ ಹೊಸ ವ್ಯಾಪಾರದ ಫಲವು ಅನಿಶ್ಚಯದ್ದು, ಅದಕ್ಕೆ ಅಂಕಿಯಿಲ್ಲ ಎಂದು ಮೂರು ಮಾತುಗಳನ್ನು ಅವನು ಬೇರೆ ಬೇರೆಯಾಗಿ ಹೇಳಬೇಕಾಗುತ್ತದೆ. ಓದುವವನಿಗೆ ಯಾವುದು ಅಳೆದದ್ದು, ಯಾವುದು ವಿಚಾರಿಸಿ ಊಹಿಸಿದ್ದು, ಯಾವುದು ಯಾರಿಗೂ ತಿಳಿಯದ್ದು ಎಂಬುದು ಗೊತ್ತಾಗುತ್ತದೆ.

ಗ್ರಹಾಂ ಮತ್ತು ಡಾಡರ ಪಕ್ಷವೂ ಮಾರ್ಕೋವಿಟ್ಸರ ಪಕ್ಷವೂ ಪರಸ್ಪರ ವಿರೋಧಿಗಳೆಂದು ಪಾಠ ಹೇಳುವ ರೂಢಿಯಿದೆ. ಮೇಲಿನ ವಿಚಾರದಿಂದ ಆ ವಿರೋಧವು ಬಹುಮಟ್ಟಿಗೆ ಶಬ್ದಕೃತವೆಂದು ತೋರುತ್ತದೆ. ಒಬ್ಬರು ಸಾಧ್ಯವನ್ನು ಹೇಳಿದರು, ಮತ್ತೊಬ್ಬರು 그ಲಿಂಗವನ್ನು ಹೇಳಿದರು. ನೈಟರು ಅನುಮಾನವು ಎಲ್ಲಿಯವರೆಗೆ ಸಲ್ಲುವುದೆಂಬ ಎಲ್ಲೆಯನ್ನು ತೋರಿಸಿದರು. ಗಣಿತವನ್ನು ಬೋಧಿಸುವವರು ಅಳತೆಯನ್ನು ಕಲಿಸಲಿ. ಆ ಅಳತೆಗೆ ಇಡುವ ಹೆಸರು ಅದರ ಅರ್ಥವನ್ನು ಮೀರದಂತೆ ನೋಡಿಕೊಳ್ಳುವ ಹೊಣೆ ಭಾಷೆಯನ್ನು ಬೋಧಿಸುವವರದು. ವಾಣಿಜ್ಯದ ಪಠ್ಯಗಳೂ ಪಾರಿಭಾಷಿಕ ಕೋಶಗಳೂ ಪರಿಷ್ಕಾರಗೊಳ್ಳುವಾಗ ಈ ಮೂರು ಪದಗಳ ವಿವೇಕವು ಅವುಗಳಲ್ಲಿ ಸೇರತಕ್ಕದ್ದೆಂಬುದು ವಿದ್ವಾಂಸರ ವಿಚಾರಕ್ಕೆ ಅರ್ಹವಾಗಿದೆ.